ರವಿವಾರದ ಪಾಟಿ

ಮುದಕಪ್ಪನ ಮನೆಗೆ ಮ್ಯೂಚುವಲ್ ಫಂಡು ಬಂದ ಮೇಲೆ ಸಾರಿನ ರುಚಿ ಸುಧಾರಿಸಿತು ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅಲ್ಲಿಯವರೆಗೆ ಆ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಒಗ್ಗರಣೆ ಮರೆತುಹೋಗುತ್ತಿತ್ತು. ಆಮೇಲೆ ಕರಿಬೇವು ಇಲ್ಲದ ಸಾರು ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ.

ಮುದಕಪ್ಪ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಕಾಗದದ ಕಟ್ಟು ಕಟ್ಟುವ ಕಡೆ ಮುಕಾದಮನಾಗಿದ್ದ. ಧಾರವಾಡದ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ವಯಸ್ಸಿಗೆ ಬಂದವನು, ಮೀಸೆ ಬೆಳ್ಳಗಾದ ಮೇಲೆ ರಿಟೈರ್ ಆದ. ಇಷ್ಟು ವರ್ಷ ಅವನ ಕೈಯಲ್ಲಿದ್ದ ಮುಖ್ಯ ಹತಾರವೆಂದರೆ ಒಂದು ಪಾಟಿ. ಮರದ ಚೌಕಟ್ಟಿನ, ಶಾಲೆಯ ಮಕ್ಕಳ ಪಾಟಿಗಿಂತ ತುಸು ದೊಡ್ಡದು. ಶನಿವಾರ ಮಧ್ಯಾಹ್ನ ಅದರ ಮೇಲೆ ಅವನು ರವಿವಾರದ ಓಟಿಗೆ, ಅಂದರೆ ಹೆಚ್ಚಿನ ಪಾಳಿಗೆ, ಬರಬೇಕಾದವರ ಹೆಸರು ಬರೆಯುತ್ತಿದ್ದ. ರವಿವಾರದ ಪಗಾರ ಡಬಲ್. ಹೀಗಾಗಿ ಗುರುವಾರದಿಂದಲೇ ಜನ ಅವನನ್ನು ಕಂಡು ನಗತೊಡಗುತ್ತಿದ್ದರು. ಒಬ್ಬನ ಹಿತ್ತಲಿನ ಪುಂಡಿಪಲ್ಯ, ಇನ್ನೊಬ್ಬನ ಹೆಂಡತಿ ಕಡೆದ ಮಜ್ಜಿಗೆ. ಲಂಚ ಎನ್ನಬಹುದಾದದ್ದನ್ನು ಅವನು ಎಂದೂ ಮುಟ್ಟಲಿಲ್ಲ, ಬರೇ ತಿನ್ನಬಹುದಾದದ್ದನ್ನು ಮುಟ್ಟಿದ. ಕೊನೆಕೊನೆಗೆ ಹೆಸರುಗಳೆಲ್ಲ ಕಂಪ್ಯೂಟರಿಗೆ ಹೋಗಿ ಪಾಟಿ ಮೂಲೆಗೆ ಬಿದ್ದಿತ್ತು. ರಿಟೈರ್ ಆದ ದಿನ ಶಾಲು, ಗೋಡೆ ಗಡಿಯಾರದ ಜೊತೆ ಅದನ್ನೂ ಕೇಳಿ ಪಡೆದುಕೊಂಡ.

ಪಿಎಫ್, ಗ್ರಾಚ್ಯುಯಿಟಿ ಎಲ್ಲ ಸೇರಿ ಬಂದ ಹಣ ಬ್ಯಾಂಕಿನಲ್ಲಿ ಅವನೊಬ್ಬನ ಹೆಸರಿನಲ್ಲಿ ಕುಳಿತಿತ್ತು. ಎಟಿಎಂ ಕಾರ್ಡು ಬೇಡವೆಂದು ಬರೆದುಕೊಟ್ಟಿದ್ದ. ಮಗ ಬಾಳೇಶ ರೆಸಾರ್ಟೊಂದರ ಸಫಾರಿ ಜೀಪು ಓಡಿಸುತ್ತಿದ್ದ, ಸ್ವಂತದ್ದೊಂದು ಹಳೆಯ ಜೀಪು ಕೊಳ್ಳುವ ಆಸೆಯಿತ್ತು. ಮಗಳು ಲಕ್ಷ್ಮೀದೇವಿಯನ್ನು ಹಳಿಯಾಳಕ್ಕೆ ಕೊಟ್ಟಿತ್ತು. ಅವಳ ಆಸೆಗಳು ಬಸ್ಸಿನಲ್ಲಿ ಬರುತ್ತಿದ್ದವು. ಸೊಸೆ ಮಧುಮತಿ ಮನೆಯಲ್ಲೇ ಜಂಪರು ಹೊಲಿಯುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ: ಪಿಯುಸಿ ಎರಡನೇ ವರ್ಷದಲ್ಲಿದ್ದ ಮಗಳು ಶೈಲಶ್ರೀ ನರ್ಸಿಂಗ್ ಓದಬೇಕು. ಶೈಲಶ್ರೀಗೆ ಬೇಕಾದದ್ದೂ ಅದೇ. ಮುದಕಪ್ಪನ ಹೆಂಡತಿ ಶಂಕ್ರೆವ್ವನಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ.

ಫಂಡಿನ ಏಜೆಂಟಳಾಗಿ ಸುಮಿತಾ ಎಂಬಾಕೆ ಹಳಿಯಾಳದಿಂದ ಸ್ಕೂಟಿಯ ಮೇಲೆ ಬಂದಳು. ಚಾಪೆಯ ಮೇಲೆ ಬಣ್ಣಬಣ್ಣದ ಗೆರೆಗಳ ಕಾಗದ ಹರಡಿ, ಎರಡು ಖಾತೆ ಮಾಡೋಣವೆಂದಳು. ಒಂದು ಕಾಕಾನ ಮುಪ್ಪಿಗೆ, ಒಂದು ಮೊಮ್ಮಗಳ ಓದಿಗೆ. ಓದಿನ ಹಣ ಇನ್ನು ಕೆಲವೇ ತಿಂಗಳಲ್ಲಿ ಬೇಕಾಗುವುದರಿಂದ ಅದನ್ನು ಶೇರಿನಲ್ಲಿ ಹಾಕುವುದು ಬೇಡ, ನಿಧಾನದ ಫಂಡಿನಲ್ಲಿ ಇಡೋಣ ಎಂದಳು. ಮುದಕಪ್ಪ ಎಲ್ಲಕ್ಕಿಂತ ಎತ್ತರ ಹೋಗಿದ್ದ ಗೆರೆಯ ಮೇಲೆ ಬೆರಳಿಟ್ಟ.

"ಇದು ಯಾಕ ಬ್ಯಾಡ?"

"ಅದು ಏರೂದೂ ಜೋರು ಕಾಕಾ, ಇಳಿಯೂದೂ ಜೋರು."

"ಏರೂದಷ್ಟ ಹೇಳ್ರಿ."

ಎರಡೂ ಅದಕ್ಕೇ ಹೋದವು. ಶಿಕ್ಷಣದ ಖಾತೆಯನ್ನು ಹುಡುಗಿಯ ಹೆಸರಿನಲ್ಲೇ ತೆಗೆಯಬಹುದು, ಆದರೆ ಅದಕ್ಕೆ ಅಪ್ಪನೋ ಅವ್ವನೋ ಪಾಲಕರಾಗಬೇಕು, ಅಜ್ಜ ನಡೆಯುವುದಿಲ್ಲ, ಹದಿನೆಂಟು ತುಂಬಿದ ಮೇಲೆ ಹಣ ಪೂರ್ತಿ ಅವಳದೇ ಎಂದು ಸುಮಿತಾ ವಿವರಿಸಿದಳು. ರೊಕ್ಕ ನಂದು, ಮಾಲಕಿ ಆಕಿ ಏನು ಎಂದು ಮುದಕಪ್ಪ ಒಳ್ಳೆಯ ಜೋಕು ಕೇಳಿದವನಂತೆ ನಕ್ಕ. ಎರಡೂ ಖಾತೆ ಅವನ ಹೆಸರಿನಲ್ಲೇ ಆದವು. ಒಂದೇ ಕೊಟ್ಟಿಗೆಯ ಎರಡು ಎಮ್ಮೆಗಳಿಗೆ ಹೆಸರಿಟ್ಟಂತೆ ಒಂದನ್ನು ರಿಟೈರ್‌ಮೆಂಟಿನದು, ಇನ್ನೊಂದನ್ನು ಶಿಕ್ಷಣದ್ದು ಎಂದು ಕರೆದ.

ಚಹಾ ತಂದ ಶಂಕ್ರೆವ್ವ ಬಾಗಿಲಲ್ಲಿದ್ದಾಗ ಸುಮಿತಾ ಇನ್ನೊಂದು ಮಾತು ಆಡಿದಳು.

"ಕಾಕೀನ್ನ ಜಂಟಿ ಮಾಡ್ರಿ. ಬ್ಯಾಂಕಿನ್ಯಾಗೂ, ಇದರಾಗೂ. ನಾಳೆ ನಿಮಗ ಆರಾಮ ತಪ್ಪಿದ್ರ ಅವರ ಸಹಿ ಮ್ಯಾಲೆ ರೊಕ್ಕ ಬರ್ತೈತಿ."

"ಆಕಿಗೆ ಸಹಿ ಎಲ್ಲಿ ಬರ್ತೈತಿ?"

"ಹೆಬ್ಬಟ್ಟು ನಡೀತೈತ್ರಿ."

"ಹೆಬ್ಬಟ್ಟು ರೊಟ್ಟಿ ಬಡಿಯಾಕ ಬೇಕಲ್ಲ," ಎಂದ ಮುದಕಪ್ಪ.

ಶಂಕ್ರೆವ್ವ ಚಹಾ ಇಟ್ಟು ಒಳಗೆ ಹೋದಳು.

ಉಳಿದದ್ದು ನಾಮಿನಿ. ಮುದಕಪ್ಪ ಸತ್ತರೆ ಹಣ ಯಾರ ಕೈಗೆ ಹೋಗಬೇಕೋ ಅವರ ಹೆಸರು. ಸದ್ಯಕ್ಕೆ ಮಗನದು ಬರೆಯಿರಿ ಎಂದವನು, ತಡೆದು, ಇದನ್ನು ಮುಂದೆ ಬದಲಿಸಲು ಬರುತ್ತದೆಯೇ ಎಂದು ಕೇಳಿದ.

"ಎಷ್ಟು ಸಲ ಬೇಕಾದ್ರೂ ಬರ್ತೈತ್ರಿ. ಫೋನಿನ್ಯಾಗ ಆಗತೈತಿ."

"ಪೀಸು?"

"ಏನಿಲ್ರಿ."

ತಾನು ಆಡಿದ್ದು ಏನೆಂದು ಗೊತ್ತಿದ್ದರೆ ಸುಮಿತಾ ಆ ಕ್ಷಣದಲ್ಲೇ ಒಂದು ಪೀಸು ಹುಟ್ಟಿಸಿ ಹೇಳುತ್ತಿದ್ದಳು.

ಆ ಶನಿವಾರ ಪಾಟಿ ಅಟ್ಟದಿಂದ ಇಳಿದು ಅಡಿಗೆಮನೆಯ ಬಾಗಿಲ ಪಕ್ಕ, ಕ್ಯಾಲೆಂಡರಿನ ಕೆಳಗೆ ಮೊಳೆಗೆ ಬಿತ್ತು. ಊಟಕ್ಕೆ ಬರುವವರೆಲ್ಲ ಅದರ ಮುಂದೆಯೇ ಹಾಯಬೇಕು. ಮುದಕಪ್ಪ ಬಳಪದಿಂದ ದುಂಡಗೆ ಬಾಳೇಶ ಎಂದು ಬರೆದ. ಮುಂದಿನ ವಾರ ಝುಣಕದಲ್ಲಿ ಉಪ್ಪು ಕಡಿಮೆಯಾಯಿತು, ಬಾಳೇಶ ಅಳಿಸಿಹೋಗಿ ಲಕ್ಷ್ಮೀದೇವಿ ಬಂದಳು. ಬರೇ ಪಾಟಿಯ ಮಾತಲ್ಲ. ಫೋನಿನಲ್ಲಿ ಸುಮಿತಾಳನ್ನು ಹಿಡಿದು, ಕನ್ನಡಕ ಏರಿಸಿ, ಮೆಸೇಜಿನಲ್ಲಿ ಬಂದ ನಂಬರು ಒಂದೊಂದಾಗಿ ಓದಿ ಹೇಳಿ, ನಿಜಕ್ಕೂ ಬದಲಿಸಿಯೇ ಬರೆಯುತ್ತಿದ್ದ. ಪಾಟಿಯ ಮೇಲೆ ಸುಳ್ಳು ಬರೆದ ಮುಕಾದಮ ತಾನಲ್ಲ ಎಂಬ ಹೆಮ್ಮೆ ಅವನಿಗೆ ಇತ್ತು.

ಲಕ್ಷ್ಮೀದೇವಿ ಹಳಿಯಾಳದಿಂದ ಬೆಲ್ಲದ ಪೆಂಟೆ, ಡಬ್ಬಿ ತುಂಬ ಹೋಳಿಗೆ ತಂದಳು. ಅದನ್ನು ಕಂಡ ಮಧುಮತಿ ಮಾವನ ಸ್ನಾನದ ನೀರಿಗೆ ಬೇವಿನ ಎಲೆ ಹಾಕತೊಡಗಿದಳು. ಒಂದು ವಾರ ಅವಳ ಹೆಸರೂ ಬಂತು. ಅದನ್ನು ಕಂಡ ಬಾಳೇಶ ಸಫಾರಿಯಿಂದ ಬಂದವನು ಅಪ್ಪನ ಕಾಲು ಒತ್ತಿದ. ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಬಡಿಸುವುದನ್ನು ನೋಡುತ್ತ ಮುದಕಪ್ಪ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಮೈ ತುಂಬಿಕೊಂಡ.

ಒಮ್ಮೆ ಶಂಕ್ರೆವ್ವ, ತಾಟಿಗೆ ಶೇಂಗಾ ಹಿಂಡಿ ಹಾಕುತ್ತ, ಯಾರ ಮುಖವನ್ನೂ ನೋಡದೆ ಕೇಳಿದಳು.

"ನನ್ನ ಹೆಸರು ಯಾವಾಗ್ರಿ?"

"ಅಡಿಗಿ ಮನಿ ಮಂದಿಗೆ ಓಟಿ ಇರೂದಿಲ್ಲ," ಎಂದ ಮುದಕಪ್ಪ. ಬಾಳೇಶ ನಕ್ಕ. ಮಧುಮತಿಯೂ ನಕ್ಕಳು, ಯಾಕೆಂದರೆ ಅದು ಶುಕ್ರವಾರವಾಗಿತ್ತು.

ಪಿಯುಸಿಯಲ್ಲಿ ಶೈಲಶ್ರೀ ಒಳ್ಳೆಯ ಅಂಕ ತೆಗೆದಳು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹಣ ತುಂಬಲು ಜೂನ್ ತಿಂಗಳ ಒಂದು ಶನಿವಾರ ಕಡೆಯ ದಿನ. ಅಷ್ಟರಲ್ಲಿ ಮಳೆ ಹಿಡಿದು ಸಫಾರಿ ಬಂದಾಗಿತ್ತು. ಜೀಪು ನಿಂತರೆ ಬಾಳೇಶನ ಪಗಾರವೂ ನಿಲ್ಲುತ್ತದೆ. ಊಟಕ್ಕೆ ಕುಳಿತಾಗ ಬಾಳೇಶ ಶಿಕ್ಷಣದ ಖಾತೆಯ ಮಾತು ತೆಗೆದ. ಮುದಕಪ್ಪ ಫೋನು ತೆರೆದು ತೋರಿಸಿದ. ಅಂಕಿಗಳು ಕೆಂಪಗಿದ್ದವು.

"ಹಾಕಿದ್ದಕ್ಕಿಂತ ಕಡಿಮಿ ಐತಿ ನೋಡು. ಈಗ ತಗದ್ರ ಲುಕ್ಸಾನ."

"ಓದಿಗಂತನ ಇಟ್ಟಿದ್ದಲ್ಲಪ್ಪಾ."

"ಓದೇನು ಓಡಿ ಹೊಕ್ಕೈತಿ? ದೀರ್ಘಾವಧಿ ಅಂದ್ರ ಏನು ಗೊತ್ತೈತೇನು ನಿನಗ?"

ಅದು ಸುಮಿತಾಳಿಂದ ಕಲಿತ ಶಬ್ದ. ಬಾಯಿಗೆ ಹೊಸದಾದ್ದರಿಂದ ಅವನು ಅದನ್ನು ಊಟದ ಹೊತ್ತಿನಲ್ಲೆಲ್ಲ ಬಳಸುತ್ತಿದ್ದ. ಬಾಳೇಶ ಸುಮಿತಾಳಿಗೇ ಫೋನು ಹಚ್ಚಿ ಅಪ್ಪನ ಕೈಗೆ ಕೊಟ್ಟ. ಬೇಕಾದಷ್ಟೇ ತೆಗೆಯಿರಿ ಕಾಕಾ, ಉಳಿದದ್ದು ಇರಲಿ, ನಾನು ಮೊದಲೇ ಹೇಳಿದ್ದೆನಲ್ಲ ಎಂದು ಅವಳು ಹೇಳುವುದು ಹೊರಗೂ ಕೇಳಿಸಿತು. ನೀವು ಹೆಣ್ಣುಮಕ್ಕಳು ಬೇಗ ಅಂಜುತ್ತೀರಿ ಎಂದು ಮುದಕಪ್ಪ ಫೋನಿಟ್ಟ.

ಮಧುಮತಿ ಮುಂಡಗೋಡದ ಬಸ್ಸು ಹತ್ತಿ ಚಿಗಳ್ಳಿಯ ತವರಿಗೆ ಹೋದಳು. ಅಣ್ಣ ಕಷ್ಟಸುಖ ಕೇಳಿ, ಅಕ್ಕಿಯ ಒಂದು ಚೀಲ ಹೊರಿಸಿ ಕಳಿಸಿದ. ಅಕ್ಕಿ ಚೆನ್ನಾಗಿತ್ತು. ಕಿವಿಯ ಬೆಂಡೋಲೆ ಅಡವಿಟ್ಟರೆ ಹಾಸ್ಟೆಲ್ಲಿನ ಖರ್ಚು ಹೊರಡುತ್ತಿತ್ತು, ಕಾಲೇಜಿನದು ಹೊರಡುತ್ತಿರಲಿಲ್ಲ. ಬಾಳೇಶ ಮುಂಗಡ ಕೇಳಿದ್ದಕ್ಕೆ ರೆಸಾರ್ಟಿನ ಮಾಲಕ ದೀಪಾವಳಿಯ ನಂತರ ನೋಡೋಣವೆಂದ.

ಕಡೆಗೆ ಶೈಲಶ್ರೀಯೇ ಅಜ್ಜನ ಕಾಲ ಬಳಿ ಕುಳಿತಳು. ಅಂದು ಗುರುವಾರ. ಎಣ್ಣೆ ಬಟ್ಟಲು ತಂದು ಹಿಮ್ಮಡಿ ತಿಕ್ಕಿದಳು.

"ಅಜ್ಜಾ, ಪಾಟಿ ಮ್ಯಾಲೆ ನನ್ನ ಹೆಸರು ಬ್ಯಾಡ. ಒಂದು ಸಹಿ ಮಾಡಿ ಸೀಟಿನ ರೊಕ್ಕ ಕೊಟ್ಟುಬಿಡು. ನೌಕರಿ ಹತ್ತಿದ ಮ್ಯಾಲೆ ತಿರುಗಿ ಕೊಡತೇನಿ."

"ನೀ ಭಾಳ ಶಾಣ್ಯಾ ಇದ್ದಿ," ಎಂದ ಮುದಕಪ್ಪ, ಇನ್ನೊಂದು ಕಾಲು ಮುಂದೆ ಮಾಡುತ್ತ. "ನೋಡೂಣು, ರವಿವಾರ ಬರ್ಲಿ."

"ಶನಿವಾರ ಕಡೀ ದಿನ ಐತಿ."

"ಗೊತ್ತೈತಿ."

ಶನಿವಾರ ಅವನು ಹೊರಗೆ ಹೋಗಲಿಲ್ಲ, ಮಲಗಲೂ ಇಲ್ಲ. ಕುರ್ಚಿಯಲ್ಲಿ ಕುಳಿತು ಮೊಮ್ಮಗಳು ಒಳಗೂ ಹೊರಗೂ ಓಡಾಡುವುದನ್ನು ನೋಡಿದ. ಬ್ಯಾಂಕು ಮುಚ್ಚುವ ಹೊತ್ತು ದಾಟಿತು. ಸಂಜೆ ಸುಮಿತಾಳಿಗೆ ಫೋನು ಮಾಡಿ, ನಂಬರು ಓದಿ ಹೇಳಿ, ಪಾಟಿಯನ್ನು ಒದ್ದೆ ಅರಿವೆಯಿಂದ ಒರೆಸಿ, ಎಂದಿಗಿಂತ ದೊಡ್ಡ ಅಕ್ಷರದಲ್ಲಿ ಶೈಲಶ್ರೀ ಎಂದು ಬರೆದ.

"ನೋಡು, ಎರಡೂ ಖಾತೆ ನಿನ್ನ ಹೆಸರಿಗೆ ಮಾಡೇನಿ. ಯಾರಿಗರ ಇಷ್ಟು ಕೊಟ್ಟೇನೇನು ಕೇಳು."

ಶೈಲಶ್ರೀ ಪಾಟಿಯನ್ನು ಓದಿದಳು. ಆಮೇಲೆ ಹಾಸ್ಟೆಲ್ಲಿಗೆಂದು ತುಂಬಿಟ್ಟಿದ್ದ ಚೀಲ ಬಿಚ್ಚಿ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ಹಾಕಿದಳು. ಸೀಟು ಮುಂದಿನ ಹುಡುಗಿಗೆ ಹೋಯಿತು.

ಮುಂದಿನ ವಾರವೇ ಅವಳು ಜೊಯಿಡಾದ ಹೋಮ್‌ಸ್ಟೇ ಒಂದಕ್ಕೆ ಕೆಲಸಕ್ಕೆ ಸೇರಿದಳು. ಮಳೆ ನೋಡಲು ಬರುವವರ ಹಾಸಿಗೆ ಕೊಡವುವುದು, ಜಿಗಣೆ ಹತ್ತಿದವರಿಗೆ ಉಪ್ಪು ಹಚ್ಚುವುದು. ಬಸ್ಸು ಅಪರೂಪವಾದ್ದರಿಂದ ಅಲ್ಲೇ ಉಳಿದು, ಸೂಟಿ ಸಿಕ್ಕಾಗ ಮನೆಗೆ ಬರುತ್ತಿದ್ದಳು. ಮನೆಯಲ್ಲಿ ಕಾಲು ಒತ್ತುವುದು ನಿಂತಿತ್ತು. ಬೇವಿನ ಎಲೆಯೂ ನಿಂತಿತ್ತು. ಲಕ್ಷ್ಮೀದೇವಿಯ ಬಸ್ಸೂ ಬರಲಿಲ್ಲ. ಹುಡುಗಿಯ ಹೆಸರಿದ್ದ ಮೇಲೆ ಹೋಳಿಗೆ ಯಾಕೆಂದು ಅವಳು ಫೋನಿನಲ್ಲೇ ಕೇಳಿದಳು. ಪಾಟಿಗಾಗಿ ಯಾರೂ ಬಡಿದಾಡದಿದ್ದರೆ ಅಳಿಸುವುದರಲ್ಲಿ ರುಚಿ ಇರುವುದಿಲ್ಲ. ಶೈಲಶ್ರೀ ಎಂಬ ಹೆಸರು ವಾರಗಟ್ಟಲೆ ಹಾಗೇ ಉಳಿಯಿತು.

ಶ್ರಾವಣದಲ್ಲಿ ಒಂದು ಮುಂಜಾನೆ ಮುದಕಪ್ಪ ಬಚ್ಚಲಲ್ಲಿ ಬಿದ್ದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಬಾಳೇಶ ಮೋಟರ್ ಸೈಕಲ್ಲು ಮಾರಿದ, ಮಧುಮತಿಯ ಬೆಂಡೋಲೆ ಈ ಸಲ ನಿಜಕ್ಕೂ ಅಡವು ಹೋಯಿತು. ಜೀವ ಉಳಿಯಿತು. ದಿನಾ ಒಬ್ಬರು ಬಂದು ಕೈಕಾಲಿಗೆ ವ್ಯಾಯಾಮ ಮಾಡಿಸಬೇಕು, ಒಂದೆರಡು ತಿಂಗಳು ಬಿಡದೆ ಮಾಡಿಸಿದರೆ ನಡೆಯಬಹುದು, ಬಿಟ್ಟರೆ ಕೈ ಹೀಗೇ ಸೆಟೆಯುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಅದಕ್ಕೆ ಆಗುವ ಖರ್ಚನ್ನೂ ಹೇಳಿದರು.

ಸುದ್ದಿ ತಿಳಿದು ಸುಮಿತಾ ಹಣ್ಣು ಹಿಡಿದುಕೊಂಡು ಬಂದಳು. ಮುದಕಪ್ಪನನ್ನು ನಡುಮನೆಯ ಮಂಚದ ಮೇಲೆ ಮಲಗಿಸಿದ್ದರು. ದಾರಿ ಇದೆ ಎಂದಳು. ಮನೆಯವರು ಬ್ಯಾಂಕಿಗೆ ಒಂದು ಅರ್ಜಿ ಬರೆದುಕೊಟ್ಟು, ಡಾಕ್ಟರ ಚೀಟಿ ಹಚ್ಚಿದರೆ, ಬ್ಯಾಂಕಿನವರು ಮನೆಗೇ ಬಂದು ಎಡಗೈ ಹೆಬ್ಬಟ್ಟು ತೆಗೆದುಕೊಳ್ಳುತ್ತಾರೆ. ಫಂಡಿನ ಕೆಲಸ ತಾನು ನೋಡಿಕೊಳ್ಳುತ್ತೇನೆ. ಜಂಟಿ ಇದ್ದಿದ್ದರೆ ಇಷ್ಟೂ ಬೇಕಿರಲಿಲ್ಲ ಎಂಬುದನ್ನು ಅವಳು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

ಮಂಚದ ಮೇಲಿಂದ ಗೊಗ್ಗರು ದನಿ ಬಂತು. ಎಲ್ಲರೂ ತಿರುಗಿದರು. ಮುದಕಪ್ಪ ಎಡಗೈ ಮೇಲೆತ್ತಿ ಹೆಬ್ಬೆರಳು ತೋರಿಸುತ್ತಿದ್ದ. ಶಾಯಿ ತಂದರೆ ಈಗಲೇ ಒತ್ತುವವನಂತೆ ಅದನ್ನು ಅಲುಗಾಡಿಸುತ್ತಿದ್ದ.

ಎಲ್ಲರೂ ಆ ಹೆಬ್ಬೆರಳನ್ನು ಸ್ವಲ್ಪ ಹೊತ್ತು ನೋಡಿದರು.

"ಮಾರ್ಕೆಟ್ ಹೆಂಗೈತ್ರಿ ಈಗ?" ಎಂದು ಕೇಳಿದ ಬಾಳೇಶ.

"ಸ್ವಲ್ಪ ಕೆಳಗನ ಐತ್ರಿ. ಆದ್ರ ಇದು ಔಷಧದ ಕೆಲಸ—"

"ಹಂಗಾರ ಈಗ ತಗದ್ರ ಲುಕ್ಸಾನ ಅಲ್ಲೇನವಾ?" ಎಂದಳು ಶಂಕ್ರೆವ್ವ. ಗೋಡೆಗೆ ಒರಗಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಕಾಕೀ, ತಡಾ ಮಾಡಿದ್ರ ಕೈ ಸೆಟೀತೈತಂತ ಡಾಕ್ಟರು ಹೇಳ್ಯಾರಲ್ರಿ."

"ಕೈಯೇನು ಓಡಿ ಹೊಕ್ಕೈತಿ? ದೀರ್ಘಾವಧಿ ಅಂತ ಅವರ ಹೇಳ್ಯಾರ. ಅವರು ಹಾಕಿದ್ದನ್ನ ನಾವು ಮುಟ್ಟಬಾರದವಾ."

ಆ ಶಬ್ದವನ್ನು ಅವಳು ಹಿಂದೆಂದೂ ಆಡಿದ್ದಿಲ್ಲ. ಒಂದಕ್ಷರವೂ ತಪ್ಪಲಿಲ್ಲ; ಊಟದ ಹೊತ್ತಿನಲ್ಲಿ ಅಷ್ಟು ಸಲ ಕೇಳಿದ್ದಳು. ಮುದಕಪ್ಪನ ಬಾಯಿಂದ ಮತ್ತೆ ದನಿ ಹೊರಟಿತು, ಈ ಸಲ ಉದ್ದಕ್ಕೆ. ಏನು ಹೇಳುತ್ತಾನೋ ತಿಳಿಯುವುದಿಲ್ಲ ಎಂದು ಬಾಳೇಶ ಸುಮಿತಾಳಿಗೆ ಹೇಳಿದ. ಶಂಕ್ರೆವ್ವನಿಗೆ ತಿಳಿಯಿತು. ಅವಳು ಎದ್ದು ಗಂಡನ ಎಡಗೈಯನ್ನು ಕೆಳಗಿಳಿಸಿ, ಚಾದರದ ಒಳಗಿಟ್ಟು, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು. ಥಂಡಿ ಐತಿ ಎಂದಳು.

ಮಧುಮತಿ ಸುಮಿತಾಳನ್ನು ಕಳಿಸಲು ಗೇಟಿನವರೆಗೆ ಹೋದಳು.

"ಬಾಯಾರ, ನಾಮಿನಿಗೆ ರೊಕ್ಕ ಯಾವಾಗ ಬರ್ತೈತ್ರಿ?"

"ಕಾಕಾ ಹ್ವಾದ ಮ್ಯಾಲೆ."

"ಅಲ್ಲೀತನ?"

"ಅಲ್ಲೀತನ ಅಲ್ಲೇ ಬೆಳೀತೈತ್ರಿ," ಎಂದು ಸುಮಿತಾ ಅಭ್ಯಾಸಬಲದಿಂದ ಹೇಳಿಬಿಟ್ಟಳು. ಹೇಳಿದ ಮೇಲೆ ಹೆಲ್ಮೆಟ್ಟು ಹಾಕಿಕೊಂಡಳು.

"ಮುಂದಿನ ವರ್ಷದ ಸೀಟಿಗೆ ಜೂನಿನ್ಯಾಗನ ತುಂಬಬೇಕಂತ ನೋಡ್ರಿ," ಎಂದಳು ಮಧುಮತಿ, ಹವಾಮಾನದ ಮಾತು ಆಡುವವಳ ಹಾಗೆ.

ಅರ್ಜಿ ಯಾರೂ ಬರೆಯಲಿಲ್ಲ. ಬರೆಯುವುದಿಲ್ಲ ಎಂದೂ ಯಾರೂ ಹೇಳಲಿಲ್ಲ. ಬಾಳೇಶನಿಗೆ ಡಾಕ್ಟರ ಬಳಿ ಹೋಗಲು ಪುರಸತ್ತು ಸಿಗಲಿಲ್ಲ, ಜೀಪು ಇನ್ನೂ ನಿಂತೇ ಇತ್ತಾದರೂ. ಮುದಕಪ್ಪನನ್ನು ಹಸಿವೆಯಲ್ಲಿ ಇಡಲಿಲ್ಲ. ಹೊತ್ತುಹೊತ್ತಿಗೆ ಗಂಜಿ ಇತ್ತು. ಒಗ್ಗರಣೆ ನುಂಗಲು ಕಷ್ಟವೆಂದು ಸಾರಿನ ತಿಳಿಯನ್ನು ಒಗ್ಗರಣೆಗೆ ಮೊದಲೇ ಅವನಿಗೆ ತೆಗೆದಿಡುತ್ತಿದ್ದರು. ತೊಂದರೆ ಇದ್ದದ್ದು ಹಾಸಿಗೆ ಬದಲಿಸುವುದರಲ್ಲಿ, ಮಗ್ಗಲು ತಿರುಗಿಸುವುದರಲ್ಲಿ, ಉಚ್ಚೆಯ ಡಬ್ಬಿ ಹಿಡಿಯುವುದರಲ್ಲಿ. ನಿನ್ನೆ ನಾನು ಮಾಡಿದೆ, ಇಂದು ನೀನು ಎಂದು ಮಗ ಸೊಸೆ ಅವನ ಮಂಚದ ಆಚೀಚೆ ನಿಂತೇ ಜಗಳವಾಡಿದರು. ಲಕ್ಷ್ಮೀದೇವಿ ಬಂದು ಎರಡು ದಿನ ಮಾಡಿ, ಹೆಸರಿಲ್ಲದವಳು ಇಷ್ಟು ಮಾಡಿದ್ದೇ ಹೆಚ್ಚು ಎಂದು ಹೊರಟುಹೋದಳು.

ಶೈಲಶ್ರೀ ಸೂಟಿಗೆ ಬಂದಾಗ ಶಂಕ್ರೆವ್ವ ಪಾಟಿಯನ್ನು ಮೊಳೆಯಿಂದ ಇಳಿಸಿ ಅವಳ ತೊಡೆಯ ಮೇಲಿಟ್ಟಳು. ದಿನಕ್ಕೊಬ್ಬರಂತೆ ಪಾಳಿ ಬರೆದುಬಿಡು, ಜಗಳ ಮುಗಿಯಲಿ ಎಂದಳು. ಶೈಲಶ್ರೀ ತನ್ನ ಹೆಸರನ್ನು ಅಳಿಸಿ ವಾರಗಳನ್ನು ಬರೆದಳು. ಸೋಮವಾರ ಅವ್ವ, ಮಂಗಳವಾರ ಅಪ್ಪ, ಹೀಗೆ ಶನಿವಾರದವರೆಗೆ ಅವರಿಬ್ಬರದೇ. ಬರೆದು ಪಾಟಿಯನ್ನು ಮಂಚದ ಎದುರಿನ ಗೋಡೆಗೆ, ಮಲಗಿದವನ ಕಣ್ಣಿಗೆ ನೇರ ಬೀಳುವಂತೆ ತೂಗುಹಾಕಿದಳು. ಮುದಕಪ್ಪನ ಎಡಗೈ ಚಾದರದಿಂದ ಹೊರಬಂದು ಅವಳ ಲಂಗ ಹಿಡಿಯಿತು. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಮೆತ್ತಗೆ, ನರ್ಸುಗಳು ಬಿಡಿಸುವ ಹಾಗೆ.

"ನೋಡೂಣು ಅಜ್ಜಾ," ಎಂದಳು. "ರವಿವಾರ ಬರ್ಲಿ."

ಶಂಕ್ರೆವ್ವ ಪಾಟಿಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು.

"ಇದು ಯಾವ ವಾರ?"

"ರವಿವಾರ, ಆಯಿ."

"ಯಾರ ಹೆಸರು ಬರದಿ?"

"ನಿಂದ."

ಶಂಕ್ರೆವ್ವ ಅದನ್ನು ನೋಡುತ್ತ ನಿಂತಳು. ತನ್ನ ಹೆಸರು ಹೀಗೆ ಕಾಣುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮೂರಕ್ಷರ, ಒಂದರ ಪಕ್ಕ ಸೊನ್ನೆ, ಎರಡರ ಕೆಳಗೆ ಬಾಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಅಳಿಸಲು ಯಾರೂ ಕಲಿಸಬೇಕಾಗಿರಲಿಲ್ಲ. ಸೆರಗಿನ ತುದಿಗೆ ಉಗುಳು ಹಚ್ಚಿ ಒರೆಸಿದಳು.

"ಅಡಿಗಿ ಮನಿ ಮಂದಿಗೆ ಓಟಿ ಇಲ್ಲ," ಎಂದಳು ಗಂಡನ ಕಡೆ ತಿರುಗಿ.

ಆ ರವಿವಾರ ಮಳೆ ಬಿಟ್ಟಿತ್ತು. ಬಾಳೇಶ ತಡವಾಗಿ ಎದ್ದ. ಒಳಗೆ ಮಧುಮತಿ ಚಿಗಳ್ಳಿಯ ಅಕ್ಕಿಯ ಅನ್ನ ಬಸಿದಳು. ಶಂಕ್ರೆವ್ವ ಸಾರಿಗೆ ಒಗ್ಗರಣೆ ಕೊಟ್ಟಳು. ಕರಿಬೇವು ಸಿಡಿದ ಸಪ್ಪಳ, ಬಳ್ಳೊಳ್ಳಿಯ ವಾಸನೆ ನಡುಮನೆಯವರೆಗೂ ಬಂದವು. ಎಲ್ಲರೂ ಅಡಿಗೆಮನೆಯಲ್ಲಿ ಸುತ್ತ ಕುಳಿತು, ಮುಂದಿನ ಜೂನಿನ ಮಾತಾಡುತ್ತ ಉಂಡರು.

ಮುದಕಪ್ಪನ ಹಾಸಿಗೆ ಮುಂಜಾನೆಯೇ ಒದ್ದೆಯಾಗಿ ಈಗ ತಣ್ಣಗಾಗಿತ್ತು. ಅವನು ಎರಡು ಸಲ ದನಿ ಮಾಡಿದ. ಒಳಗೆ ತಾಟುಗಳ ಸಪ್ಪಳ ನಿಲ್ಲಲಿಲ್ಲ. ಎದುರಿನ ಪಾಟಿಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಎಲ್ಲ ದುಂಡಗೆ ಬರೆದಿತ್ತು. ಕೆಳಗೆ ರವಿವಾರದ ಮುಂದೆ ಪಾಟಿ ಕಪ್ಪಗೆ, ಚೊಕ್ಕಟವಾಗಿತ್ತು.